ತಿಗಣಾಧಿಕರಣ

ಶಾಸ್ತ್ರಪದ್ಧತಿಯಂತೆ ಮೊದಲು ವಿಷಯ: ಲಂಟಾನವೆಂಬ ಪೊದೆ, ಅದರ ಎಲೆಯಡಿ ಕೂತು ರಸ ಹೀರುವ ಮೂರ್ನಾಲ್ಕು ಮಿಲಿಮೀಟರ್ ಉದ್ದದ ಜಾಲರಿರೆಕ್ಕೆಯ ತಿಗಣೆ. ಶಾಸ್ತ್ರನಾಮ ಟೆಲಿಯೊನೀಮಿಯ ಸ್ಕ್ರುಪ್ಯುಲೋಸ. ಎರಡೂ ಅಮೆರಿಕದ ಉಷ್ಣವಲಯದವು, ಆದ್ದರಿಂದ ಸಗೋತ್ರ. ಪೊದೆ 1809ರ ಸುಮಾರಿಗೆ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂತು. ಆಮೇಲೆ ಬಂಡೀಪುರವನ್ನೂ ಬಿಳಿಗಿರಿರಂಗನ ಬೆಟ್ಟವನ್ನೂ ಯಾರೂ ಕೇಳದೆಯೇ ಅಲಂಕರಿಸಿತು.

ಸಂಶಯ: ತಿಗಣೆ ಲಂಟಾನಕ್ಕೆ ಹಗೆಯೋ, ಬೀಗರೋ?

ಪೂರ್ವಪಕ್ಷಿಯ ಮತದಲ್ಲಿ ಹಗೆಯೇ. ಪ್ರಮಾಣ ಸರ್ಕಾರಿ ಕಡತ. ಮೆಕ್ಸಿಕೊದಿಂದ 1902ರಲ್ಲಿ ಹವಾಯಿಗೆ, ಮುಂದೆ ಫಿಜಿಗೆ, 1936ರಲ್ಲಿ ಆಸ್ಟ್ರೇಲಿಯಕ್ಕೆ ಅದನ್ನು ಕರೆದೊಯ್ದದ್ದು ಲಂಟಾನ ಸಂಹಾರಕ್ಕೇ. 1941ರಲ್ಲಿ ಡೆಹ್ರಾಡೂನಿಗೆ ತಂದು ಕ್ವಾರಂಟೈನಿನಲ್ಲಿಟ್ಟರು. ತೇಗದ ಹೂವಿಗೂ ಬಾಯಿ ಹಾಕಿತೆಂಬ ಆರೋಪ ಬಂದು ವಧೆಯ ತೀರ್ಪಾಯಿತು. ಆರೋಪಿ ಹೇಗೋ ಪರಾರಿಯಾಗಿ ದೇಶದ ಪೊದೆಪೊದೆಯಲ್ಲೂ ಹಾಜರಿ ಹಾಕತೊಡಗಿತು. ನೇಮಕಾತಿ ಪತ್ರವಿಲ್ಲದೆ, ಸಂಬಳವಿಲ್ಲದೆ ದುಡಿಯುವ ನೌಕರ ಇದೊಂದೇ ಎಂದು ಪೂರ್ವಪಕ್ಷಿ ಹಿಗ್ಗುತ್ತಾನೆ. (ಅತಿಥಿ ಉಪನ್ಯಾಸಕರು ಇದನ್ನು ಒಪ್ಪುವುದಿಲ್ಲ.)

ಸಿದ್ಧಾಂತಿ ನಗುತ್ತಾನೆ. ಒಣಹವೆಯಲ್ಲಿ ತಿಗಣೆ ಎಲೆಗಳನ್ನು ಕಂದಿಸಿ, ಸುರುಟಿಸಿ, ಉದುರಿಸುವುದು ನಿಜ. ಆದರೆ ಮಳೆ ಬಿದ್ದದ್ದೇ ತಡ, ಪೊದೆ ಏನೂ ಆಗದವರಂತೆ ಚಿಗುರುತ್ತದೆ. ಬಂದು, ಉಂಡು, ಮನೆ ಬರಿದು ಮಾಡಿ, ಆದರೂ ಮನೆ ಮುಳುಗಿಸದೆ, ವರ್ಷ ತಿರುಗಿದರೆ ಮತ್ತೆ ಉಣ್ಣುವುದು ಬೀಗರ ಲಕ್ಷಣ. ಅವ್ಯಾಪ್ತಿಯಿಲ್ಲ, ಅತಿವ್ಯಾಪ್ತಿಯೂ ಇಲ್ಲ.

‘ಸಗೋತ್ರದವರು ಬೀಗರಾಗುವುದುಂಟೇ?’ ಎಂದು ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಸಮುದ್ರ ದಾಟಿದ ಮೇಲೆ ಗೋತ್ರ ಕೇಳುವವರಾರು ಎಂದು ಉತ್ತರ.

ಉಗಾಂಡದ ದೃಷ್ಟಾಂತವೂ ಇದೆ. ಲಂಟಾನಕ್ಕೆ ಎಳ್ಳುನೀರು ಬಿಟ್ಟುಬಾ ಎಂದು ಕಳಿಸಿದರೆ, ಈ ತಿಗಣೆ 1960ರ ದಶಕದಲ್ಲಿ ಪಕ್ಕದ ಹೊಲಕ್ಕಿಳಿದು ಎಳ್ಳಿಗೇ ಬಾಯಿ ಹಾಕಿತು. ಉಳಿದದ್ದು ನೀರು.

ಕೊನೆಯ ಅಂಗ ಪ್ರಯೋಜನ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕೋಲು ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಸೋಫಾ ಹೆಣೆಯುತ್ತಾರೆ. ಇದನ್ನೂ ತಿಗಣೆಯ ಸೇವಾ ಪುಸ್ತಕದಲ್ಲಿ ನಮೂದಿಸಬೇಕೆಂಬ ಪೂರ್ವಪಕ್ಷಿಯ ಅರ್ಜಿ ವಜಾ ಆಗಿದೆ. ಕುರ್ಚಿಯಲ್ಲಿ ಕೂತವರನ್ನು ಕಚ್ಚುವ ತಿಗಣೆ ಬೇರೆ. ಅದಕ್ಕೆ ಪ್ರತ್ಯೇಕ ಅಧಿಕರಣವಿದೆ.