ಬೀಳುವ ಮುನ್ನ ಬಿಲ್ ಪಡೆಯಿರಿ

ನಮ್ಮ ಗೌರಸಮುದ್ರದಲ್ಲಿ ಎಸ್ಕಲೇಟರ್ ಇಲ್ಲ. ಆದ್ದರಿಂದ ಎಸ್ಕಲೇಟರಿನಲ್ಲಿ ಬಿದ್ದು ಕೈಕಾಲು ಮುರಿದುಕೊಂಡವರ ಲೆಕ್ಕ ನಮ್ಮೂರಲ್ಲಿ ಇವತ್ತಿನವರೆಗೂ ಸೊನ್ನೆ. ನಾವು ಬೀಳುವುದೇನಿದ್ದರೂ ಬಸ್ಸಿನ ಫುಟ್‌ಬೋರ್ಡಿನಿಂದ, ಟ್ರ್ಯಾಕ್ಟರ್ ಟ್ರೈಲರಿನಿಂದ, ಹುಣಸೆ ಮರದಿಂದ. ತಾಲ್ಲೂಕು ಚಳ್ಳಕೆರೆ, ಓಟು ಹಾಕುವುದು ಮೊಳಕಾಲ್ಮೂರಿಗೆ. ಮೊಳಕಾಲು ಮುರಿಯುವುದು ಕ್ಷೇತ್ರದ ಹೆಸರಿನಲ್ಲೇ ಇರುವಾಗ ಪರಿಹಾರ ಯಾರನ್ನು ಕೇಳೋಣ?

ಹಾಗಂತ ನಮ್ಮ ಸೀಮೆಗೆ ಬೀಳುವ ವಿದ್ಯೆ ಗೊತ್ತಿಲ್ಲ ಎನ್ನಬೇಡಿ. 2023ರ ಏಪ್ರಿಲ್ 2ರಂದು ಇಸ್ರೊದವರು ತಮ್ಮ ಪುಟ್ಟ ರೆಕ್ಕೆಯ ವಾಹನವೊಂದನ್ನು ಚಿನೂಕ್ ಹೆಲಿಕಾಪ್ಟರಿಗೆ ಕಟ್ಟಿ, ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟರು. ಅದು ಯಾರ ಕೈಯನ್ನೂ ಹಿಡಿಯದೆ ತಾನೇ ಹಾರಿಬಂದು, ಚಳ್ಳಕೆರೆ ಬಯಲಿನ ಡಿಆರ್‌ಡಿಒ ರನ್‌ವೇ ಮೇಲೆ ಒಂದು ಗೀರೂ ಆಗದಂತೆ ಇಳಿಯಿತು. ಅದೇ ಬಯಲಿನ ನಮ್ಮ ದೊಡ್ಡಮ್ಮ ಬೆಂಗಳೂರಿನ ಮಾಲೊಂದರಲ್ಲಿ ನಾಲ್ಕೇ ನಾಲ್ಕು ಮೆಟ್ಟಿಲು ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ದೊಡ್ಡಮ್ಮನ ಮೇಲೆ ಸರ್ಕಾರ ಅಷ್ಟು ಖರ್ಚು ಮಾಡಿರಲಿಲ್ಲ, ನಿಜ.

ಮಾಲಿಗೆ ಕರೆದುಕೊಂಡು ಹೋದವನು ನಾನೇ. ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಬಿಸಿಲಿಗೆ ಎಸಿ ಇದ್ದೀತು, ಎರಡನೇ ಮಹಡಿಯಲ್ಲಿ ಮೊಳಕಾಲ್ಮೂರು ಸೀರೆ ತೂಗುಹಾಕಿದ್ದಾರಂತೆ, ಅಲ್ಲಿ ಅದಕ್ಕೆ ಎಷ್ಟು ರೇಟು ಹಾಕಿದ್ದಾರೆ ಅಂತ ನೋಡಿ ಬೈಯ್ದುಕೊಂಡು ಬರೋಣ, ಇಷ್ಟೇ ನಮ್ಮ ಕಾರ್ಯಕ್ರಮ. ಎಸ್ಕಲೇಟರ್ ಕಂಡು ದೊಡ್ಡಮ್ಮ ಹೆದರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಹತ್ತಾರು ವರ್ಷ ಶೇಂಗಾ ಹಸನು ಮಾಡಿದವಳು. ತಿರುಗುವ ಬೆಲ್ಟಿನ ಹತ್ತಿರ ಹೋಗುವಾಗ ಸೆರಗು ಸೊಂಟಕ್ಕೆ ಸಿಗಿಸಬೇಕು ಎನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಸಿಗಿಸಿಯೇ ಹತ್ತಿದಳು. ಹತ್ತುತ್ತಾ ಒಂದು ಮಾತು ಹೇಳಿದಳು: “ಮಿಲ್ಲಿನಾಗೆ ಬೆಲ್ಟಿನ ತಾವ ಮನುಷ್ಯರು ಬರಬಾರ್ದು ಅಂತ ಜಾಲರಿ ಹಾಕಿರ್ತಿದ್ರು ಕಣಪ್ಪ. ಇಲ್ಲಿ ಬೆಲ್ಟಿನ ಮ್ಯಾಲೇ ಮನುಷ್ಯರನ್ನ ಕಳಿಸ್ತಾರಲ್ಲ.”

ಸೆರಗು ಭದ್ರವಾಗಿತ್ತು. ಹಿಡಿದದ್ದು ನೆರಿಗೆಯ ಅಂಚನ್ನು. ಚಲಿಸುವ ಮೆಟ್ಟಿಲಿಗೂ ಪಕ್ಕದ ತಗಡಿಗೂ ನಡುವೆ ಒಂದು ಸಂದಿ ಇರುತ್ತದೆ. ಆ ಕಡೆ ಕಾಲು, ಬಟ್ಟೆ ಸರಿಯದಿರಲಿ ಎಂದು ಎಷ್ಟೋ ಕಡೆ ಉದ್ದಕ್ಕೂ ಬ್ರಷ್ ಕೂರಿಸಿರುತ್ತಾರೆ. ಬಹಳ ಜನ ಅದನ್ನು ಬೂಟು ಒರೆಸಲು ಇಟ್ಟ ಉಚಿತ ಸೌಲಭ್ಯ ಅಂದುಕೊಂಡಿದ್ದಾರೆ. ಈ ಮಾಲಿನಲ್ಲಿ ಬ್ರಷ್ಷಿನ ಕೂದಲು ಉದುರಿ, ನಮ್ಮ ವಯಸ್ಸಿನವರ ತಲೆಯ ಹಾಗಾಗಿತ್ತು. ಯಂತ್ರ ಓಡುವುದು ಸೆಕೆಂಡಿಗೆ ಅರ್ಧ ಮೀಟರ್, ಎತ್ತಿನ ಗಾಡಿಯ ವೇಗಕ್ಕಿಂತ ಹೆಚ್ಚೇನಲ್ಲ. ಆದರೆ ಎತ್ತಿಗೆ ‘ಹೋ’ ಅಂದರೆ ನಿಲ್ಲುತ್ತದೆ. ಇದನ್ನು ನಿಲ್ಲಿಸುವ ಕೆಂಪು ಗುಂಡಿ ಒಂದು ತೀರಾ ಕೆಳಗಿತ್ತು, ಇನ್ನೊಂದು ತೀರಾ ಮೇಲಿತ್ತು. ದೊಡ್ಡಮ್ಮ ಬಿದ್ದದ್ದು ನಡುವೆ.

ಓಡಿಬಂದ ಸೆಕ್ಯುರಿಟಿಯವನು ಮೊದಲು ಗುಂಡಿ ಒತ್ತಲಿಲ್ಲ. “ಏನಜ್ಜಿ, ಬೋರ್ಡ್ ನೋಡೋದಲ್ವಾ?” ಅಂದ. ಬೋರ್ಡು ಇತ್ತು, ಇಂಗ್ಲಿಷಿನಲ್ಲಿ. ಸಡಿಲ ಉಡುಪು ತೊಟ್ಟವರು ಎಚ್ಚರ ಎಂದು ಅದರ ಅರ್ಥ. ಸೀರೆ ಸಡಿಲ ಉಡುಪು ಎಂದು ನನಗೆ ಅವತ್ತೇ ತಿಳಿದದ್ದು. ಸೀರೆ ಮಾರುವ ಮಹಡಿಗೆ ಕರೆದೊಯ್ಯುವ ಯಂತ್ರಕ್ಕೆ ಸೀರೆಯೇ ಆಗಿಬರುವುದಿಲ್ಲ.

1898ರಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿ ಇಂಥದ್ದೊಂದು ಓಡುವ ಮೆಟ್ಟಿಲು ಹಾಕಿಸಿದಾಗ, ಮೇಲೆ ತಲುಪಿದ ಗಿರಾಕಿಗಳು ಗಾಬರಿಯಿಂದ ಸುಧಾರಿಸಿಕೊಳ್ಳಲೆಂದು ಬ್ರಾಂದಿ ಕೊಡುತ್ತಿದ್ದರಂತೆ. ಬೀಳದೆ ಬಂದವರಿಗೇ ಬ್ರಾಂದಿ! ಇಲ್ಲಿ ಬಿದ್ದವಳಿಗೆ ನೀರೂ ಇಲ್ಲ. ನಾನೇ ಓಡಿಹೋಗಿ ಅರವತ್ತು ರೂಪಾಯಿ ಕೊಟ್ಟು ಒಂದು ಬಾಟಲಿ ತಂದೆ. ಈ ನೀರಿನ ಬಾಟಲಿಯನ್ನು ನೆನಪಿಟ್ಟುಕೊಳ್ಳಿ.

ಕಾನೂನಿಲ್ಲ ಎಂದುಕೊಳ್ಳಬೇಡಿ, ಕಾನೂನಿಗೇನು ಬರ? ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬರುವ ಕುರಿ ಕೋಳಿಗಳ ರಕ್ಷಣೆಗೆ 1959ರಷ್ಟು ಹಿಂದೆಯೇ ಪ್ರಾಣಿಬಲಿ ತಡೆ ಕಾಯ್ದೆ ಬಂದಿದೆ. ಪ್ರತಿ ವರ್ಷ ಪೊಲೀಸರು ಬಂದು ಕಾಯುತ್ತಾರೆ. ಲಿಫ್ಟಿಗೆ 1974ರ ಕಾಯ್ದೆ. ಎಸ್ಕಲೇಟರಿನ ಹೆಸರು ಕಾಯ್ದೆಯ ತಲೆಬರಹಕ್ಕೆ ಏರಿದ್ದು 2012ರಲ್ಲಿ: ಕರ್ನಾಟಕ ಲಿಫ್ಟುಗಳು, ಎಸ್ಕಲೇಟರುಗಳು ಮತ್ತು ಪ್ಯಾಸೆಂಜರ್ ಕನ್ವೇಯರುಗಳ ಅಧಿನಿಯಮ. ಕುರಿಗಿಂತ ಐವತ್ತಮೂರು ವರ್ಷ ಹಿಂದೆ ಬಿದ್ದರೂ ಅಂತೂ ಬಂತು. ಪರವಾನಗಿ ಬೇಕು, ವಿದ್ಯುತ್ ಪರಿವೀಕ್ಷಣಾಲಯದವರ ತಪಾಸಣೆ ಬೇಕು. ಆದರೆ ಕಾಯ್ದೆ ಕಾಯುವುದು ಯಂತ್ರವನ್ನು. ಬಿದ್ದವರು ಪರಿಹಾರಕ್ಕೆ ಬೇರೆ ಬಾಗಿಲು ತಟ್ಟಬೇಕು.

ಇದೆಲ್ಲ ತಮಾಷೆಯ ವಿಷಯವೇ ಅಲ್ಲ ಎನ್ನುವವರಿದ್ದಾರೆ, ಅವರು ಹೇಳುವುದು ಸರಿ. 1999ರ ಡಿಸೆಂಬರಿನಲ್ಲಿ ದಿಲ್ಲಿಯ ವಿಮಾನ ನಿಲ್ದಾಣದ ಎಸ್ಕಲೇಟರ್ ಒಬ್ಬ ಪುಟ್ಟ ಹುಡುಗಿಯನ್ನು ನುಂಗಿತು. 2015ರಲ್ಲಿ ಚೀನಾದ ಜಿಂಗ್‌ಝೌ ಊರಿನ ಅಂಗಡಿಯಲ್ಲಿ ಮೇಲ್ತುದಿಯ ತಗಡು ಕುಸಿದಾಗ ತಾಯಿಯೊಬ್ಬಳು ಮಗುವನ್ನು ಆಚೆ ದೂಡಿ ತಾನು ಒಳಗೆ ಹೋದಳು. ಅದಕ್ಕೇ ನಾನು ದೊಡ್ಡಮ್ಮನಿಗೆ ಹೇಳಿದೆ, ಬರೀ ಮಣಿಕಟ್ಟು ತಾನೇ ಅಂತ ಸುಮ್ಮನಿರಬಾರದು, ಕೇಸು ಹಾಕಲೇಬೇಕು.

ಚಳ್ಳಕೆರೆಯ ವಕೀಲರ ಬಳಿ ಹೋದೆವು. ಅವರು ಕೈ ನೋಡಲಿಲ್ಲ, ಎಕ್ಸ್‌ರೇ ನೋಡಲಿಲ್ಲ. “ಬಿಲ್ ಐತಾ?” ಅಂದರು.

“ಆಸ್ಪತ್ರೇದಾ?”

“ಅದಲ್ಲಮ್ಮ, ಮಾಲಿಂದು. ಏನಾದ್ರೂ ತಗಂಡ್ರಾ?”

ವಿಷಯ ಇಷ್ಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಹಳ ಉದಾರಿ. ಮಾಲು ಬೆಂಗಳೂರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯವಹಾರ 5 ಲಕ್ಷದೊಳಗಿನದಾದರೆ ಶುಲ್ಕವಿಲ್ಲ. ಎರಡು ವರ್ಷ ಕಾಲಾವಕಾಶ. ವಕೀಲರೂ ಬೇಕಿಲ್ಲ (ಇದನ್ನು ಹೇಳಿದವರು ವಕೀಲರಲ್ಲ). ಒಂದೇ ಒಂದು ಷರತ್ತು, ನೀವು ಗ್ರಾಹಕರಾಗಿರಬೇಕು. ಅಂದರೆ ದುಡ್ಡು ಕೊಟ್ಟು ಸರಕನ್ನೋ ಸೇವೆಯನ್ನೋ ಪಡೆದಿರಬೇಕು. ಸುಮ್ಮನೆ ಎಸಿ ಗಾಳಿ ಕುಡಿಯಲು ಬಂದು, ರೇಟು ನೋಡಿ ಬೈದು, ಪುಕ್ಕಟೆ ಮೆಟ್ಟಿಲಲ್ಲಿ ಪುಕ್ಕಟೆ ಬಿದ್ದವಳನ್ನು ಏನೆಂದು ಕರೆಯಬೇಕು ಎನ್ನುವುದು ತರ್ಕಕ್ಕೆ ಬಿಟ್ಟದ್ದು.

ಜೇಬು ತಡಕಿದೆ. ಪಾರ್ಕಿಂಗ್ ಚೀಟಿ ಸಿಕ್ಕಿತು. ವಕೀಲರ ಮುಖ ಅರಳಿ ಮತ್ತೆ ಬಾಡಿತು. “ಇದರ ಪ್ರಕಾರ ಗ್ರಾಹಕ ನಿಮ್ಮ ಬೈಕು. ಅದಕ್ಕೇನಾದ್ರೂ ಪೆಟ್ಟಾಗೈತಾ?” ಇಲ್ಲ ಅಂದೆ. ಛೆ, ಆಗಿದ್ದರೆ ಒಳ್ಳೆಯದಿತ್ತು ಎನ್ನುವಂತೆ ನೋಡಿದರು. ಅವರ ದುಃಖಕ್ಕೆ ಆಧಾರವಿತ್ತು. ದಿಲ್ಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಪಾರ್ಕಿಂಗಿಗೆ ಕೊಟ್ಟ ಮಾರುತಿ ಝೆನ್ ಒಂದು ಕಳುವಾಯಿತು. ಚೀಟಿಯಲ್ಲಿ ‘ವಾಹನ ನಿಲ್ಲಿಸುವುದು ಮಾಲೀಕರ ಸ್ವಂತ ಹೊಣೆ’ ಎಂದಿತ್ತು. ಆ ಸಾಲನ್ನು ಅಡ್ಡ ಹಿಡಿದು ಹೋಟೆಲು ತಪ್ಪಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಇಪ್ಪತ್ತೊಂದು ವರ್ಷಕ್ಕೆ ಕಾರಿಗೆ ನ್ಯಾಯ ಸಿಕ್ಕಿತು. ಕಾರಿಗೆ ಆಧಾರ್ ಇರಲಿಲ್ಲ, ಚೀಟಿ ಇತ್ತು.

ಕೊನೆಗೆ ನನ್ನ ಫೋನಿನಲ್ಲಿ ನೀರಿನ ಬಾಟಲಿಗೆ ಕೊಟ್ಟ ಅರವತ್ತು ರೂಪಾಯಿ ಸಿಕ್ಕಿತು. ದಿನಾಂಕ, ಗಂಟೆ, ನಿಮಿಷ ಸಮೇತ. ದೂರು ದಾಖಲಾಯಿತು. ಮಾಲಿನವರ ತಕರಾರು ಬಂತು: ಸದರಿ ನೀರನ್ನು ಬಿದ್ದ ಒಂಬತ್ತು ನಿಮಿಷದ ನಂತರ ಕೊಳ್ಳಲಾಗಿದೆ, ಆದ್ದರಿಂದ ಬೀಳುವ ಕಾಲಕ್ಕೆ ಸದರಿಯವರು ಗ್ರಾಹಕರಾಗಿರಲಿಲ್ಲ. ನೀರು ಕುಡಿದು ಬಿದ್ದಿದ್ದರೆ ಗ್ರಾಹಕಿ, ಬಿದ್ದು ಕುಡಿದದ್ದರಿಂದ ಬರೀ ದಾರಿಹೋಕಳು.

ಮೆಟ್ರೊದಲ್ಲಾದರೆ ಹೇಗೆ ಅಂತ ಕೇಳಿದೆ. ಅಲ್ಲಿ ದುಡ್ಡು ಕೊಟ್ಟೇ ಒಳಗೆ ಹೋಗುವುದಲ್ಲವೇ? ಹೌದು, ಆದರೆ ಟೋಕನ್ ಕೊಂಡರೆ ಹೊರಗೆ ಬರುವಾಗ ಅದನ್ನು ಗೇಟೇ ನುಂಗಿಬಿಡುತ್ತದೆ. ರೈಲಿನಲ್ಲಿ? ಅಲ್ಲಿ ಕಾಯ್ದೆ ಇನ್ನೂ ಖಚಿತ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಪ್ರಯಾಣಿಕ ರೈಲಿನಿಂದ ಆಕಸ್ಮಿಕವಾಗಿ ಬಿದ್ದರೆ ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡಬೇಕು. ಪ್ರಾಣ ಹೋದರೆ 2017ರ ಜನವರಿಯಿಂದ 8 ಲಕ್ಷ. ಬೀಳುವುದು ರೈಲಿನಿಂದ ಮಾತ್ರ ಆಗಿರಬೇಕು. ಪ್ಲಾಟ್‌ಫಾರ್ಮಿಗೆ ಹೋಗುವ ಎಸ್ಕಲೇಟರಿನಲ್ಲಿ ಬಿದ್ದರೆ ಆ ಸಾಲಿನಲ್ಲಿ ನಿಮಗೆ ಜಾಗವಿಲ್ಲ. ಆದಕಾರಣ ಪ್ರಯಾಣಿಕರು ದಯವಿಟ್ಟು ಸಾವರಿಸಿಕೊಂಡು ರೈಲಿನವರೆಗೆ ಬರಬೇಕಾಗಿ ವಿನಂತಿ.

ಇನ್ನು ಕೈಗೆ ಬೆಲೆ ಕಟ್ಟುವ ಮಾತು. ವಾಹನ ಅಪಘಾತದ ಕೇಸುಗಳಿಗೆ ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ತೀರ್ಪಿನಲ್ಲಿ ಒಂದು ಕೋಷ್ಟಕ ಕೊಟ್ಟಿದೆ. ವರ್ಷದ ದುಡಿಮೆಯನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಇಪ್ಪತ್ತೈದರವರಿಗೆ 18, ಅರವತ್ತೈದು ದಾಟಿದವರಿಗೆ 5. ನಮ್ಮ ವಕೀಲರು ಇಲ್ಲೂ ಅದೇ ಲೆಕ್ಕ ಹಿಡಿದರು. ದೊಡ್ಡಮ್ಮನ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ನಮ್ಮೂರಿನ ಅರ್ಧ ಜನ ಅದೇ ದಿನ ಹುಟ್ಟಿದವರು. ವಯಸ್ಸು ಅರವತ್ತಾರು. ಹೆರಿಗೆ ಮಾಡಿಸಿದವಳಿದ್ದಿದ್ದರೆ ಐವತ್ತೆಂಟೂ ಅನ್ನುತ್ತಿದ್ದಳೋ ಏನೋ. “ಸಂತೇಲಿ ಎತ್ತಿನ ಹಲ್ಲು ನೋಡ್ತಾರಲ್ಲ, ಹಂಗಾ?” ಅಂದಳು ದೊಡ್ಡಮ್ಮ. ವಕೀಲರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಆದರೂ ಅವರು ಕೈಬಿಡಲಿಲ್ಲ. ಚಾಂದನಿ ಚೌಕದ ಗಡಿಯಾರ ಗೋಪುರದ ಕೇಸು ತೆಗೆದರು. ನಲವತ್ತು ನಲವತ್ತೈದು ವರ್ಷ ಬಾಳುವ ಗಾರೆಯ ಗೋಪುರ ಎಂಬತ್ತು ವರ್ಷ ನಿಂತು, ಒಂದು ದಿನ ಜನರ ಮೇಲೆ ಕುಸಿಯಿತು. ಬಿದ್ದ ಗೋಪುರವೇ ಸಾಕ್ಷಿ, ಸತ್ತವರ ಕಡೆಯವರು ನಿರ್ಲಕ್ಷ್ಯವನ್ನು ಬೇರೆ ಸಾಬೀತು ಮಾಡಬೇಕಿಲ್ಲ ಎಂದು 1966ರಲ್ಲಿ ತೀರ್ಪಾಯಿತು. ಕೂದಲುದುರಿದ ಬ್ರಷ್ಷೂ ಹಾಗೆಯೇ ತಾನೇ ಮಾತಾಡುತ್ತದೆ ಎಂದು ನಮ್ಮವರು ವಾದ ಹೂಡಿದರು. ಅಷ್ಟರಲ್ಲಿ ಮಾಲಿನವರು ಬ್ರಷ್ ಬದಲಾಯಿಸಿದ್ದರು. ಹೊಸ ಬ್ರಷ್ಷಿನ ಫೋಟೊ ಅಂಟಿಸಿ, ನೋಡಿ ಎಷ್ಟು ದಟ್ಟವಾಗಿದೆ ಎಂದು ಉತ್ತರ ಕೊಟ್ಟರು.

ನಡುವೆ ಭಾದ್ರಪದ ಬಂತು. ಮಂಗಳವಾರ ಮಾರಮ್ಮನ ದೊಡ್ಡ ಜಾತ್ರೆ. ಅನಂತಪುರದ ಕಡೆಯಿಂದಲೂ ಜನ ಬಂದು ಇರುವೆಯಂತೆ ತುಂಬುತ್ತಾರೆ. ಹರಕೆ ಹೊತ್ತವರು ಅಮ್ಮನ ಕಡೆಗೆ ಈರುಳ್ಳಿ, ಕೋಳಿ ಎಸೆಯುತ್ತಾರೆ. ತಲೆಗೆ ಈರುಳ್ಳಿ ಬಡಿಸಿಕೊಂಡವರು ಪುಣ್ಯ ಅಂದುಕೊಳ್ಳುತ್ತಾರೆಯೇ ಹೊರತು ಬಿಲ್ ಹುಡುಕುವುದಿಲ್ಲ. ಪ್ಲಾಸ್ಟರ್ ಬಿಚ್ಚಿದ್ದರೂ ದೊಡ್ಡಮ್ಮನ ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಎಡಗೈಯಿಂದಲೇ ಮೂರು ಈರುಳ್ಳಿ ಎಸೆದಳು. ನಾನು ಪಕ್ಕದಲ್ಲೇ ನಿಂತು ನಮ್ಮಿಬ್ಬರ ಸೆಲ್ಫಿ ವಿಡಿಯೊ ತೆಗೆದೆ, ಸ್ಟೇಟಸ್ಸಿಗೆ ಹಾಕಿದೆ. ಅದು ಯಾರ್‍ಯಾರದೋ ಕೈ ದಾಟಿ ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಿತು.

ಮುಂದಿನ ವಾಯ್ದೆಗೆ ಮಾಲಿನ ವಕೀಲರು ಪೆನ್‌ಡ್ರೈವ್ ಹಿಡಿದು ಬಂದರು. ಅರ್ಜಿದಾರಳು ಬಲಗೈಯಿಂದ ಈರುಳ್ಳಿಯನ್ನು ಬಹಳ ದೂರಕ್ಕೆ ಎಸೆದಿದ್ದಾಳೆ, ಕೈ ಮುರಿದಿತ್ತೆನ್ನುವುದು ಶುದ್ಧ ಸುಳ್ಳು. ನೋಡಿದರೆ ಹೌದು, ವಿಡಿಯೊದಲ್ಲಿ ಬಲಗೈಯೇ! ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ಎಡವನ್ನು ಬಲ ಮಾಡಿತ್ತು. ಹಿಂದಿನ ಬ್ಯಾನರಿನಲ್ಲಿದ್ದ ಮಾರಮ್ಮನ ಹೆಸರೂ ಉಲ್ಟಾ ಇದೆಯಲ್ಲ ಸ್ವಾಮಿ ಅಂದೆ. ಅದು ಬೇರೆ ಭಾಷೆ ಇರಬಹುದು, ಗಡಿ ಭಾಗ ಅಂದರು.

ಹೊರಗೆ ಬಂದು ನಮ್ಮ ವಕೀಲರು ಬೇವಿನ ಮರದ ಕೆಳಗೆ ವಿವರಿಸಿದರು: “ಕಾಯ್ದೇಲಿ ಮೂರು ತಿಂಗಳಿಗೆ ಕೇಸು ಮುಗಿಸಬೇಕು ಅಂತೈತೆ ಅಮ್ಮ. ಸರಕನ್ನ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸೋದಿದ್ರೆ ಐದು ತಿಂಗಳು. ಈಗ ಅವರು ಪರೀಕ್ಷೆ ಆಗ್ಲಿ ಅಂತಾರೆ.”

“ಯಾವ ಸರಕು?” ಅಂದಳು ದೊಡ್ಡಮ್ಮ.

ವಕೀಲರು ಮಾತಾಡಲಿಲ್ಲ. ಅವರ ಕಣ್ಣು ಅವಳ ಬಲಗೈ ಮೇಲಿತ್ತು.

“ಮಿಲ್ಲಿನಾಗೆ ಶೇಂಗಾ ಚೀಲಕ್ಕೂ ಒಂದು ತೂಕದ ಚೀಟಿ ಬರಕೊಡ್ತಿದ್ರು ಸ್ವಾಮಿ,” ಅಂದಳು. “ಸರಕು ಅಂತ ಆದ್ಮ್ಯಾಲೆ ನನಗೂ ಅಂಥದ್ದೊಂದು ಬರಸಿಕೊಡಿ. ನೀವು ಆವತ್ತಿಂದ ಬಿಲ್ಲು ಬಿಲ್ಲು ಅಂತಿದ್ರಲ್ಲ, ಅದೇ ಆಯ್ತದೆ.”