ಸಾವ್ಕಾರ್ರ ಸರ್ವರ್

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ನಮ್ಮ ಸಾವ್ಕಾರ್ರನ್ನು ಹುಡುಕಬೇಕಿಲ್ಲ. ಗಾದಿಯ ಮೇಲೆ ಲೋಡಿಗೆ ಒರಗಿ, ಎರಡು ಮೊಬೈಲಿನಲ್ಲಿ ಮೂರು ಜನರ ಸಂಗಡ ಮಾತಾಡುತ್ತಿರುವವರೇ ಅವರು. ಗಂಜಿನಲ್ಲಿ ಅಡತಿ ಅಂಗಡಿ, ದೇವದುರ್ಗದಲ್ಲಿ ಹತ್ತಿ ಜಿನ್ನಿಂಗು, ಮಾನ್ವಿಯಲ್ಲಿ ರೈಸ್‌ಮಿಲ್ಲು. ಮೂರಕ್ಕೂ ಸೇರಿ ಈಗ ಒಂದು ಇಆರ್‌ಪಿ ಸಾಫ್ಟ್‌ವೇರ್ ಬಂದಿದೆ. ಯಾಕೆಂದರೆ ಎದುರಿನ ಅಂಗಡಿಯವರು ಹಾಕಿಸಿದ್ದಾರೆ. ಇದಕ್ಕಿಂತ ದೊಡ್ಡ ಕಾರಣ ಗಂಜಿಗೆ ಬೇಕಿಲ್ಲ.

2017ರ ಜುಲೈಗೆ ಜಿಎಸ್‌ಟಿ ಬಂದಾಗ ಸಾವ್ಕಾರ್ರು ಟ್ಯಾಲಿ ಬಲ್ಲ ಹುಡುಗನೊಬ್ಬನನ್ನು ಇಟ್ಟುಕೊಂಡರು. ಮರುವರ್ಷ ಇ-ವೇ ಬಿಲ್ಲು ಬಂದಾಗ ಅವನಿಗೊಂದು ಕುರ್ಚಿ ಕೊಡಿಸಿದರು. ಇಆರ್‌ಪಿ ಅಷ್ಟಕ್ಕೆ ಬಗ್ಗುವ ಜಾತಿಯದಲ್ಲ, ಅದು ಪ್ರಶ್ನೆ ಕೇಳುತ್ತದೆ.

ಬೆಂಗಳೂರಿನಿಂದ ಬಂದ ಇಂಜಿನಿಯರ್ ಮೊದಲು ರೈತರ ಪಟ್ಟಿ ಕೇಳಿದ. ಮುನೀಮರು ಕೆಂಪು ಖಾತೆ ಪುಸ್ತಕ ಬಿಚ್ಚಿ ಓದಿದರು: "ಎಮ್ಮಿ ಹನುಮಂತ, ಮಿಲಿಟ್ರಿ ಹನುಮಂತ, ಗಬ್ಬೂರು ಹನುಮಂತ, ಗಬ್ಬೂರು ಹನುಮಂತನ ಅಳಿಯ ಹನುಮಂತ."

"ಪೂರ್ತಿ ಹೆಸರು ಹೇಳಿ ಸಾರ್."

"ಇದೇ ಪೂರ್ತಿ, ತಮ್ಮಾ. ಇನ್ನೂ ಪೂರ್ತಿ ಮಾಡಿದ್ರ ಅವಂಗೇ ಗುರ್ತ ಸಿಗಂಗಿಲ್ಲ."

ಆಮೇಲೆ ತೂಕದ ಜಗಳ. ಸಾಫ್ಟ್‌ವೇರಿಗೆ ಕ್ವಿಂಟಲ್ ಗೊತ್ತು, ಮಾನ್ವಿಯ ಭತ್ತಕ್ಕೆ 75 ಕಿಲೋ ಚೀಲವೇ ಗೊತ್ತು. 100 ಕಿಲೋ ಭತ್ತ ಒಳಗೆ ಹೋಗಿ 65ರಷ್ಟು ಅಕ್ಕಿ ಹೊರಬಂದಾಗ, ಉಳಿದದ್ದೆಲ್ಲಿ ಎಂದು ಕೆಂಪಕ್ಷರದಲ್ಲಿ ಗದರಿತು. ತೌಡು, ನುಚ್ಚು, ಹೊಟ್ಟು ಎಲ್ಲ ಒಪ್ಪಿಸಿದರೂ ಲೆಕ್ಕ ಕೂಡಲಿಲ್ಲ. ದೇವದುರ್ಗದಿಂದ ಜಿನ್ನಿಂಗಿನ ಹುಡುಗ ಫೋನು ಮಾಡಿದ: "ಅರಳೆ ಬರೆದೆ, ಕಾಳೂ ಬರೆದೆ. ಗಾಳಿಗಿ ಹಾರಿದ್ದಕ್ಕ ಯಾವ ಕೋಡ್ ಹಾಕ್ಲಿರಿ?"

ಇಷ್ಟನ್ನೂ ಸಾವ್ಕಾರ್ರು ಸಹಿಸಿದರು. ಲೋಡು ಬಿಟ್ಟು ನೆಟ್ಟಗೆ ಕೂತದ್ದು ಇಂಜಿನಿಯರ್ ಹೆಮ್ಮೆಯಿಂದ ಹೀಗೆಂದಾಗ: "ಇನ್ಮೇಲೆ ಮೂರೂ ಊರಿನ ಸ್ಟಾಕು ಎಲ್ಲರಿಗೂ ಒಂದೇ ಥರ ಕಾಣುತ್ತೆ."

"ಎಲ್ಲರಿಗೂ ಅಂದ್ರ?"

"ನೀವು, ನಿಮ್ಮ ತಮ್ಮಂದಿರು, ಆಡಿಟರು..."

ಸಾಲ ಕೊಟ್ಟ ಬ್ಯಾಂಕಿಗೆ ಅವರ ಗೋದಾಮು ಸದಾ ತುಂಬಿರುತ್ತದೆ. ಪಾಲು ಕೇಳುವ ತಮ್ಮಂದಿರಿಗೆ ಅರ್ಧ. ರೇಟು ಏರುವಾಗ ಕೊಳ್ಳಲು ಬಂದವರಿಗೆ ಪೂರಾ ಖಾಲಿ. ಮೂರು ಗೋದಾಮುಗಳೂ ಮುನೀಮರ ತಲೆಯಲ್ಲಿ ಒಂದಕ್ಕೊಂದು ತಾಕದೆ ನಿಂತಿದ್ದವು. (ಒಟ್ಟು ಕುಟುಂಬದಲ್ಲಿ ಎಲ್ಲರಿಗೂ ಒಂದೇ ಅಂಕಿ ಬೇಕೆಂದು ಯಾರು ಕೇಳಿದ್ದರೋ!)

"ಆಮ್ಯಾಲ ತಿದ್ದಬಹುದಲ್ಲ?"

"ಯಾರು, ಯಾವಾಗ ತಿದ್ದಿದ್ರು ಅನ್ನೋದೂ ಉಳಿಯುತ್ತೆ ಸಾರ್. 2023ರ ಏಪ್ರಿಲ್‌ನಿಂದ ಕಂಪನಿಗಳಿಗೆ ಅದು ಕಡ್ಡಾಯ."

"ನಮ್ದು ಕಂಪನಿ ಅಲ್ಲಪಾ, ಮನೆತನ," ಎಂದರು ಸಾವ್ಕಾರ್ರು. ಮುನೀಮರು ಬಿಳಿ ಇಂಕಿನ ಬಾಟಲಿಯನ್ನು ಸದ್ದಿಲ್ಲದೆ ಜೇಬಿಗಿಳಿಸಿದರು.

ಈಗ ವ್ಯವಸ್ಥೆ ಸುಸೂತ್ರವಾಗಿದೆ. ಮುನೀಮರು ಹಗಲು ಪುಸ್ತಕದಲ್ಲಿ ಬರೆಯುತ್ತಾರೆ, ಅದರಲ್ಲಿ ಸಾವ್ಕಾರ್ರು ಒಪ್ಪಿದ್ದನ್ನು ಹುಡುಗ ಸಂಜೆ ಕಂಪ್ಯೂಟರಿಗೆ ಏರಿಸುತ್ತಾನೆ. ಪಾಸ್‌ವರ್ಡು ಖಾತೆ ಪುಸ್ತಕದ ಮೊದಲ ಪುಟದಲ್ಲಿ, 'ಶ್ರೀ' ಕಾರದ ಕೆಳಗಿದೆ. ಸಾಫ್ಟ್‌ವೇರಿನಿಂದ ನಿಜವಾದ ಲಾಭವೂ ಆಗಿದೆ. ಮೊದಲೆಲ್ಲ ರೈತರು ಹಣ ಕೇಳಲು ಬಂದರೆ "ಮುನೀಮ ಊರಿಗಿ ಹೋಗ್ಯಾನ" ಎಂದು ಮುನೀಮರ ಎದುರಿಗೇ ಹೇಳಬೇಕಾಗಿತ್ತು. ಈಗ ಆ ಮುಜುಗರವಿಲ್ಲ.

ಮೊನ್ನೆ ಗಬ್ಬೂರು ಹನುಮಂತ ಹತ್ತಿಯ ಹಣಕ್ಕೆ ಬಂದ.

"ಸರ್ವರ್ ಡೌನ್ ಅದ ಹನುಮಂತಾ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮೊಬೈಲು ತೆಗೆದು ಸಾವ್ಕಾರ್ರ ಮುಂದೆ ಹಿಡಿದ. "ನಿಮ್ದು ಇರ್ಲಿ ಬಿಡ್ರಿ ಸಾವ್ಕಾರ್ರ. ನಂದು ಫೋನ್‌ಪೇ ಚಾಲೂ ಅದ, ಹೊಡೀರಿ."