ಮಡಿವಂತೆ ಕಾಳಿ

ನಮ್ಮ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು ಇಬ್ಬರು: ಒಬ್ಬರು ನಮ್ಮತ್ತೆ, ಇನ್ನೊಬ್ಬಳು ಕಾಳಿ ಎಂಬ ನಾಯಿ. ಅತ್ತೆಯದು ಮಡಿ, ಕಾಳಿಯದು ಡಾಕ್ಟರ ಅಪ್ಪಣೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. "ಬೀದಿ ನಾಯಿ ಹೊಸಿಲು ದಾಟಿದರೆ ನಾನು ಮಗಳ ಮನೆಗೆ ಹೊರಟೆ" ಎಂದು ಚೀಲ ಕಟ್ಟಿದ್ದ ಅತ್ತೆ, ಈ ಸುದ್ದಿ ಕಿವಿಗೆ ಬಿದ್ದದ್ದೇ ಚೀಲ ಬಿಚ್ಚಿದರು. "ಪೂರ್ವಜನ್ಮದ ಸಂಸ್ಕಾರ ಕಣೇ. ನಿನಗಿಲ್ಲದ್ದು ಅದಕ್ಕಿದೆ ನೋಡು" ಎಂದರು.

ಕಾಳಿ ಬಂದದ್ದು ಗಾಯಗೊಂಡ ಪ್ರಾಣಿಗಳ ಆಶ್ರಯಧಾಮದಿಂದ. ಯಾವುದೋ ಗಾಡಿ ಗುದ್ದಿ ಹಿಂಗಾಲಿನ ತೊಡೆಮೂಳೆ ಮುರಿದಿತ್ತು. ಒಳಗೆ ಪ್ಲೇಟು ಕೂರಿಸಿ ಹೊಲಿದಿದ್ದರು. ಒಂದು ಕಿವಿಯ ತುದಿಯನ್ನೂ ಕತ್ತರಿಸಿದ್ದರು. ಅದು ಸಂತಾನಹರಣ ಚಿಕಿತ್ಸೆ ಆಗಿದೆ ಎಂಬುದರ ಗುರುತು. ಪಕ್ಕದ ಮನೆಯವರು ಮಾತ್ರ, "ಅಯ್ಯೋ ಪಾಪ, ಆ ಡ್ರೈವರು ಕಿವಿಯನ್ನೂ ಬಿಡಲಿಲ್ಲವೇ!" ಎಂದು ಮರುಗಿದರು.

ಹೆಸರಿಟ್ಟವರು ನಮ್ಮೆಜಮಾನರು, ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಆ ಹೆಸರನ್ನು ಅವರು ಆರಿಸಿದ್ದೂ ಇತಿಹಾಸದಿಂದಲೇ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಅವನ ಒಡೆಯ "ಬೇಕಾದ್ದು ಕೇಳು" ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949ರ ಸುಮಾರಿಗೆ ಕಲ್ಲು ನೆಟ್ಟರು, ಅದರ ಪೂಜೆಗೆ ಕೆರೆಯ ಕೆಳಗಿನ ಎರಡು ಖಂಡುಗ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಕಾಳಿಯೋ, ಹಿತ್ತಿಲಲ್ಲಿ ಹೆಗ್ಗಣ ಕಂಡರೆ ಅತ್ತೆಯ ಸೀರೆಯ ಮರೆಗೆ ಬಂದು ನಿಲ್ಲುತ್ತಾಳೆ. "ಇವಳಿಗೆ ಎಷ್ಟು ಖಂಡುಗ ಬರೆಸುತ್ತೀರಿ?" ಎಂದು ಕೇಳಿದರೆ ಮೇಷ್ಟ್ರು ಪೇಪರ್ ಎತ್ತಿ ಮುಖಕ್ಕೆ ಹಿಡಿಯುತ್ತಾರೆ.

ಹೊಲಿಗೆ ನೆಕ್ಕದಿರಲೆಂದು ಕುತ್ತಿಗೆಗೆ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಅದು ಬಾಗಿಲ ಚೌಕಟ್ಟಿಗೆ ಬಡಿಯುವ ಸದ್ದಿನಿಂದಲೇ ಕಾಳಿ ಯಾವ ಕೋಣೆಯಲ್ಲಿದ್ದಾಳೆಂದು ತಿಳಿಯುತ್ತಿತ್ತು. ಮಾತ್ರೆಯ ಕಥೆ ಬೇರೆಯೇ. ಇಡ್ಲಿಯೊಳಗೆ ಹುದುಗಿಸಿ ಕೊಟ್ಟರೆ ಇಡ್ಲಿಯನ್ನೆಲ್ಲ ನುಂಗಿ, ಮಾತ್ರೆಯನ್ನು ನಾಲಿಗೆಯಲ್ಲಿ ಹೊರಳಿಸಿ ಹೊರಳಿಸಿ, ಕೊನೆಗೆ ನನ್ನ ಕಾಲ ಬಳಿಯೇ ಟಕ್ಕೆಂದು ಉದುರಿಸುವಳು. ನನ್ನ ಫಜೀತಿ ನೋಡಲಾರದೆ ಅತ್ತೆ ಸೆರಗು ಸಿಕ್ಕಿಸಿ ಕೂತರು. ಮೊಸರನ್ನದ ಮೊದಲೆರಡು ತುತ್ತು ಬರಿದು, ಮೂರನೆಯದರಲ್ಲಿ ಮಾತ್ರೆ, ಅದು ಬಾಯಿಗೆ ಹೋಗುತ್ತಿದ್ದಂತೆಯೇ ನಾಲ್ಕನೆಯ ತುತ್ತು ಮೂಗಿನ ಮುಂದೆ. ಅದರ ಆಸೆಗೆ ಕಾಳಿ ಮೂರನೆಯದನ್ನು ಗುಳುಂ ಮಾಡಿದಳು. "ನಿನ್ನ ಗಂಡನಿಗೂ ಹೀಗೇ ಹರಳೆಣ್ಣೆ ಕುಡಿಸಿದ್ದು" ಎಂದು ಅತ್ತೆ ಕೈ ತೊಳೆದರು. ಮೇಷ್ಟ್ರ ಪೇಪರ್ ಮತ್ತೆ ಮೇಲೇರಿತು.

ಓಡಬಾರದು, ನೆಗೆಯಬಾರದು, ಮೆಟ್ಟಿಲು ಹತ್ತಬಾರದು ಎಂದು ಪಶುವೈದ್ಯರು ಕಾಳಿಗೆ ಹೇಳಿದ್ದರು. ಮಂಡಿನೋವಿಗೆ ಅತ್ತೆಗೂ ಇದೇ ಕಟ್ಟಳೆ. ಬೆಳಗಿನ ಹೊತ್ತು ಇಬ್ಬರೂ ಅಂಗಳದಲ್ಲಿ ನಿಧಾನವಾಗಿ ಸುತ್ತು ಹಾಕುತ್ತಾರೆ. ಅತ್ತೆ ಸಾಕೆಂದರೆ ಕಾಳಿ ಬಿಡಳು, ಕಾಳಿ ಕೂತರೆ ಅತ್ತೆ ಬಿಡರು. ಮಗಳು ಫೋನ್ ಮಾಡಿ, "ಹಬ್ಬಕ್ಕೆ ಬಾಮ್ಮ" ಎಂದು ಕರೆದಾಗ, "ನಾನು ಬಂದರೆ ಇದಕ್ಕೆ ಮಾತ್ರೆ ಹಾಕೋರು ಯಾರೇ?" ಎಂದರು. ಮಾತ್ರೆ ಮುಗಿದು ಎಷ್ಟೋ ಕಾಲವಾಗಿತ್ತು. ಹಬ್ಬದ ದಿನ ಕನ್ನಡಕ ಹಾಕಿಕೊಂಡು ಕೂತು, ಪಾಯಸದಿಂದ ಒಣದ್ರಾಕ್ಷಿಯನ್ನೆಲ್ಲ ಒಂದೊಂದಾಗಿ ಆರಿಸಿದರು. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಕಾಳಿಗೆ ಸಿಕ್ಕಿದ್ದು ಒಂದೇ ಚಮಚ ಪಾಯಸ. ದ್ರಾಕ್ಷಿ ಇಲ್ಲದ ಪಾಯಸ ಕುಡಿದವರು ಉಳಿದ ನಾವೆಲ್ಲ.

ನಾಯಿ ಸಾಕುವ ಮನಸ್ಸಿದ್ದವರು ದುಡ್ಡು ಸುರಿದು ಜಾತಿ ನಾಯಿ ಕೊಳ್ಳುವ ಮುಂಚೆ ಒಮ್ಮೆ ಆಶ್ರಯಧಾಮಕ್ಕೆ ಹೋಗಿ ಬನ್ನಿ. ಕಾಲು ಮುರಿದದ್ದು ಕಣ್ಣಿಗೆ ಬಿದ್ದರೆ ಹಿಂಜರಿಯಬೇಡಿ. ರೇಬೀಸ್ ಲಸಿಕೆ ತಪ್ಪಿಸಬೇಡಿ, ನೋವೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ನುಂಗಿಸಬೇಡಿ. ಮನೆಯಲ್ಲಿ ಮಡಿವಂತರಿದ್ದರೆ ಈರುಳ್ಳಿಯ ವಿಷಯವನ್ನು ಮೊದಲೇ ಹೇಳಿಬಿಡಿ. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.